ಒಂದೇ ಹೊಟ್ಟೆಯ ರಕ್ತ

ಜಗಳೂರು
12 ಜನವರಿ 2025

ಅಕ್ಕನಿಗೆ ದುರ್ಗಿಯ ನಮಸ್ಕಾರ.

ಫೋನ್ ಬಿಟ್ಟು ಪತ್ರ ಯಾಕೆ ಎಂದು ಬೈಯಬೇಡ. ನೀನು ಫೋನ್ ಎತ್ತಿದ ಕೂಡಲೇ ನಿನ್ನ ಸೊಸೆ ಸ್ಪೀಕರ್ ಹಾಕುತ್ತಾಳೆ. ನ್ಯಾಮತಿಯ ಅರ್ಧ ಬೀದಿ ನಮ್ಮ ಮಾತು ಕೇಳುತ್ತದೆ. ಇದು ಬೀದಿಗೆ ಕೇಳಿಸುವ ವಿಷಯವಲ್ಲ.

ಚನ್ನಗಿರಿಯಿಂದ ಲಕ್ಷ್ಮೀದೇವಿ ಅಳುತ್ತಾ ಫೋನ್ ಮಾಡಿದ್ದಳು. ಅವಳ ಮಗಳು ಮಾಲಾಳ ನಿಶ್ಚಿತಾರ್ಥ ನಿಂತಿದೆಯಂತೆ. ಹೊನ್ನಾಳಿಯ ಹುಡುಗ ಪ್ರಸನ್ನಕುಮಾರ್, ಅವನೂ ಮಾಲಾಳೂ ಬಿ.ಎಡ್. ಒಟ್ಟಿಗೆ ಓದಿ ಒಪ್ಪಿಕೊಂಡವರು, ಎರಡೂ ಮನೆಯವರಿಗೆ ಸಂತೋಷ. ಈಗ ಹುಡುಗನ ಸೋದರಮಾವ ತಿಪ್ಪೇರುದ್ರ ಎದ್ದು ನಿಂತು, "ಎರಡೂ ಮನಿ ಅರಿಶಿನ ಬೆಡಗು, ಒಂದೇ ಮೂಲದವರು. ಅಣ್ಣ ತಂಗಿಗೆ ಮದುವಿ ಮಾಡಾಕಾಗುತ್ತಾ?" ಎಂದನಂತೆ. ನೀನು ಅಲ್ಲ ಎಂದೆಯಂತೆ. ಅದಕ್ಕೆ ಅವನು, "ಆ ಮುದುಕಿಗೆ ಮರೆವು ಐತೆ. ಅವರವ್ವನೂ ಹಂಗೇ ಹೋದಳು" ಎಂದನಂತೆ.

ಅಕ್ಕ, ನಾಲ್ಕು ತಾಲ್ಲೂಕಿನ ನಮ್ಮವರ ಬೆಡಗು ನಿನ್ನ ತಲೆಯಲ್ಲಿದೆ. ನಿನ್ನನ್ನು ಕೇಳದೆ ನಮ್ಮಲ್ಲಿ ಒಂದು ವೀಳ್ಯದೆಲೆ ಬದಲಾಗಿಲ್ಲ. ನಿನ್ನ ಮಾತನ್ನು ಹೀಗೆ ತಳ್ಳಿಹಾಕಿದ್ದು ಕೇಳಿ ನನ್ನ ಹೊಟ್ಟೆ ಉರಿಯಿತು.

ನನಗೊಂದು ದಾರಿ ತೋಚಿದೆ. ನಮ್ಮ ಲ್ಯಾಬಿನಿಂದ ದಾವಣಗೆರೆಯ ಒಬ್ಬ ನರರೋಗದ ಡಾಕ್ಟರಿಗೆ ರಕ್ತ ಹೋಗುತ್ತದೆ. ಮರೆವಿನ ಕಾಯಿಲೆ ಇದ್ದ ಮನೆತನಗಳನ್ನು ಅವರು ಪರೀಕ್ಷೆ ಮಾಡುತ್ತಿದ್ದಾರೆ. ರಕ್ತದಲ್ಲಿ ಒಂದು ಪ್ರೋಟೀನ್ ನೋಡುತ್ತಾರೆ, ಹುಟ್ಟಿನಿಂದ ಬಂದ ಒಂದು ಜೀನ್ ನೋಡುತ್ತಾರೆ. ಆಲ್ಝೈಮರ್ ಬರುವಂತಿದೆಯೋ ಇಲ್ಲವೋ ಎನ್ನುವುದರ ಸುಳಿವು ಸಿಗುತ್ತದೆ. ಚೊಕ್ಕ ರಿಪೋರ್ಟ್ ಒಂದು ಬಂದರೆ ತಿಪ್ಪೇರುದ್ರನ ಬಾಯಿ ಮುಚ್ಚುತ್ತದೆ. ನಾನು ಲಕ್ಷ್ಮೀದೇವಿಗೂ ಹೇಳಿದ್ದೇನೆ, ಅವಳು ಹುಡುಗನ ಮನೆಗೂ ಹೇಳಿದ್ದಾಳೆ. "ಡಾಕ್ಟರ್ ಕಾಗದ ಬರಲಿ, ನ್ಯಾಮತಿ ಅಮ್ಮನ ಮಾತು ಒಪ್ತೀವಿ" ಎಂದಿದ್ದಾರಂತೆ.

ಫಾರಂನಲ್ಲಿ ವಂಶದ ಹಾಳೆ ಇದೆ. ಅವ್ವನ ಅವ್ವನ ಹೆಸರು ಬೇಕು, ಬರೆದು ಕಳಿಸು.

ನಿನ್ನ ದುರ್ಗಾಂಬಿಕಾ

---

ನ್ಯಾಮತಿ
20 ಜನವರಿ 2025

ದುರ್ಗಿಗೆ ಅಂತರಘಟ್ಟಮ್ಮನ ಆಶೀರ್ವಾದ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನನ್ನ ತಲೆ ಸರಿ ಇದೆ ಎಂದು ನನಗೆ ಗೊತ್ತಿದೆ. ಆದರೆ ನನ್ನನ್ನು ಕೇಳದೆ ನೀನು ಹುಡುಗನ ಮನೆಯವರೆಗೆ ಮಾತು ಮುಟ್ಟಿಸಿಬಿಟ್ಟಿದ್ದೀಯ. ಈಗ ಬೇಡ ಎಂದರೆ ಮುದುಕಿ ಹೆದರಿದಳು ಅನ್ನುತ್ತಾರೆ. ಚಿಕ್ಕವಳಿದ್ದಾಗಲೂ ನೀನು ಹೀಗೇ. ಒಲೆ ಹಚ್ಚಿದ ಮೇಲೆ ಹಿಟ್ಟು ಇದೆಯಾ ಅಂತ ಕೇಳುವವಳು.

ತಿಪ್ಪೇರುದ್ರ ನನಗೆ ಮರೆವು ಅನ್ನುವುದಕ್ಕೆ ಕೊಟ್ಟ ಸಾಕ್ಷಿ ಕೇಳಿದ್ದೀಯಾ? ಸಂತೇಬೆನ್ನೂರಿನ ಮದುವೆಯಲ್ಲಿ ನಾನು ಅವನನ್ನು ಅವರಪ್ಪನ ಹೆಸರಿನಿಂದ ಕರೆದೆನಂತೆ. ಬೇಕೆಂದೇ ಕರೆದೆ. ಎರಡನೇ ಪಂಕ್ತಿಗೆ ಕೂರಬೇಕಾದವನು ಮೊದಲನೇ ಪಂಕ್ತಿಯವರನ್ನು ಎಬ್ಬಿಸುತ್ತಿದ್ದ, ಅವರಪ್ಪನ ಹಾಗೇ.

ಮಾಲಾಳ ವಿಷಯ ನೀನೂ ಸರಿಯಾಗಿ ತಿಳಿದುಕೋ. ಅವಳಪ್ಪ ಉಚ್ಚಂಗೆಪ್ಪ ಬಸವಾಪಟ್ಟಣದ ಅರಿಶಿನ ಬೆಡಗಿನ ಮನೆಯಲ್ಲಿ ಬೆಳೆದ, ನಿಜ. ಹುಟ್ಟಿದ್ದು ಅಲ್ಲಿ ಅಲ್ಲ. ಅದು ಅವನ ಸೋದರಮಾವನ ಮನೆ. ಹೆತ್ತವರು ತೀರಿಕೊಂಡ ಮೇಲೆ ಮಾವ ಅವನನ್ನು ಹೆಗಲ ಮೇಲೆ ಹೊತ್ತು ತಂದ ದಿನ ನಾನು ಅದೇ ಅಂಗಳದಲ್ಲಿದ್ದೆ. ನನಗೆ ಎಂಟು ವರ್ಷ, ಅವನಿಗೆ ಎರಡು. ಕಿವಿ ಸೋರುತ್ತಿತ್ತು, ಹತ್ತಿ ಇಟ್ಟಿದ್ದರು. ಹೆತ್ತ ಅಪ್ಪ ಜೀರಿಗೆ ಬೆಡಗಿನವನು. ಬೆಡಗು ಅಪ್ಪನಿಂದ ಬರುತ್ತದೆ, ಉಂಡ ಮನೆಯಿಂದ ಬರುವುದಿಲ್ಲ. ಹಾಗಾಗಿ ಮಾಲಾ ಜೀರಿಗೆ, ಪ್ರಸನ್ನಕುಮಾರ್ ಅರಿಶಿನ. ಧಾರಾಳವಾಗಿ ಮದುವೆಯಾಗಬಹುದು. ಆ ಅಂಗಳದಲ್ಲಿ ಅಂದು ಇದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಉಚ್ಚಂಗೆಪ್ಪನೇ ಹೋಗಿ ನಾಲ್ಕು ವರ್ಷವಾಯಿತು.

ಮೊನ್ನೆ ಮಾಲಾ ಬಂದಿದ್ದಳು. "ದೊಡ್ಡಮ್ಮ, ನೀವು ಒಂದು ಮಾತಿಗೆ ಗಟ್ಟಿ ನಿಂತ್ಕಳ್ರಿ, ಸಾಕು" ಎಂದು ಕೈ ಹಿಡಿದುಕೊಂಡಳು. ನಿಲ್ಲುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅವಳಿಗಾಗಿ ರಕ್ತ ಕೊಡುತ್ತೇನೆ, ಬಾ. ಒಂದೇ ಸಲ ಚುಚ್ಚಬೇಕು.

ಅಜ್ಜಿಯ ಹೆಸರು ಕೆಂಪಕ್ಕ.

ನಿನ್ನ ಅಕ್ಕ

---

ಜಗಳೂರು
11 ಫೆಬ್ರವರಿ 2025

ಅಕ್ಕನಿಗೆ,

ಭಾನುವಾರ ಬಸ್ಸು ಹತ್ತಿಸಿ ನೀನು ನಿಂತಿದ್ದು ಇನ್ನೂ ಕಣ್ಣಲ್ಲೇ ಇದೆ. ಸೆರಗಿನಲ್ಲಿ ಕೈ ಮುಚ್ಚಿಕೊಂಡಿದ್ದೆ. ಒಂದೇ ಸಲ ಎಂದು ಹೇಳಿ ನಾಲ್ಕು ಸಲ ಚುಚ್ಚಿದೆ, ಕ್ಷಮಿಸು. ಇಪ್ಪತ್ತೆಂಟು ವರ್ಷದಲ್ಲಿ ಎಂತೆಂಥ ಮಕ್ಕಳ ನರ ಹುಡುಕಿದ್ದೇನೆ, ನಿನ್ನ ನರವೇ ನನಗೆ ಸಿಗಲಿಲ್ಲ. ನೀನು ಮಾತ್ರ ಒಂದು ಸಲವೂ ಅಮ್ಮಾ ಎನ್ನಲಿಲ್ಲ.

ಹೊನ್ನಾಳಿಯಲ್ಲಿ ಪರಿಚಯದವರ ಲ್ಯಾಬಿನಲ್ಲಿ ರಕ್ತವನ್ನು ಮೆಷಿನ್‌ಗೆ ಹಾಕಿ ತಿರುಗಿಸಿಕೊಳ್ಳೋಣ ಎಂದುಕೊಂಡಿದ್ದೆ, ಭಾನುವಾರ ಬಾಗಿಲು ಹಾಕಿತ್ತು. ದಾವಣಗೆರೆಯಲ್ಲಿ ಜಗಳೂರಿನ ಬಸ್ಸು ತಡವಾಯಿತು. ಹೇಗೋ ಮನೆ ಮುಟ್ಟಿದೆ. ಸೋಮವಾರ ಬೆಳಿಗ್ಗೆ ಡಬ್ಬಿ ಡಾಕ್ಟರಿಗೆ ಹೋಯಿತು. ಎಲ್ಲ ಸರಿಯಾಗಿದೆ, ನೀನು ಯೋಚನೆ ಮಾಡಬೇಡ. ಒಳ್ಳೆಯದೇ ಬರುತ್ತದೆ, ನಾನು ಬರೆದು ಕೊಡುತ್ತೇನೆ ಬೇಕಾದರೆ.

ಹಾಂ, ವಂಶದ ಹಾಳೆ ತುಂಬಬೇಕು. ಅವ್ವನ ಅವ್ವನ ಹೆಸರೇನು?

ದುರ್ಗಿ

---

ನ್ಯಾಮತಿ
24 ಫೆಬ್ರವರಿ 2025

ದುರ್ಗಿಗೆ,

ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿ ಈಗ ಹಳದಿಗೆ ಬಂದಿದೆ. ಸಿದ್ದೇಶ್ ನೋಡಿ, "ಚಿಕ್ಕಮ್ಮ ರಕ್ತ ತಗಂಡ್ರೋ, ಹೊಡೆದ್ರೋ?" ಎಂದು ನಕ್ಕ. ನನ್ನ ಮಗನಿಗೆ ಅದೊಂದೇ ಕೆಲಸ.

ಲಕ್ಷ್ಮೀದೇವಿ ಯುಗಾದಿ ಕಳೆದ ಮೇಲೆ ಮದುವೆ ಎಂದು ಧೈರ್ಯವಾಗಿ ಹೇಳಿಕೊಂಡು ಓಡಾಡುತ್ತಿದ್ದಾಳೆ. ಮಾಲಾ ಸಂತೇಬೆನ್ನೂರಿನ ಶಾಲೆ ಮುಗಿಸಿ ದಿನಾ ಸಂಜೆ ಫೋನ್ ಮಾಡಿ, "ಕಾಗದ ಬಂತಾ ದೊಡ್ಡಮ್ಮ?" ಎನ್ನುತ್ತಾಳೆ. ನನಗೂ ಅಷ್ಟೇ ಕಾತರ, ಹೇಳಿಕೊಳ್ಳುವುದಿಲ್ಲ.

ಅಜ್ಜಿ ಕೆಂಪಕ್ಕ. ಹೋದ ಪತ್ರದಲ್ಲೇ ಬರೆದಿದ್ದೆ, ಓದದೆ ಬುಟ್ಟಿಗೆ ಹಾಕುತ್ತೀಯೇನು?

ಅಕ್ಕ

---

ಜಗಳೂರು
9 ಏಪ್ರಿಲ್ 2025

ಅಕ್ಕನಿಗೆ,

ಹೇಗೆ ಬರೆಯಲಿ ಎಂದು ಮೂರು ದಿನ ಯೋಚಿಸಿದೆ. ರಿಪೋರ್ಟ್ ಬಂದಿದೆ. ನಾನು ನಿನಗೆ ಮೊದಲು ಕಳಿಸಬೇಕಿತ್ತು. ಡಾಕ್ಟರ ಕಡೆಯವರು ಫಾರಂನಲ್ಲಿ ಇದ್ದ ಲಕ್ಷ್ಮೀದೇವಿಯ ನಂಬರಿಗೂ ಕಳಿಸಿಬಿಟ್ಟಿದ್ದಾರೆ. ಆ ನಂಬರ್ ಕೊಟ್ಟವಳು ನಾನೇ, ಒಳ್ಳೆಯ ಸುದ್ದಿ ಬೇಗ ಮುಟ್ಟಲಿ ಎಂದು.

ಪ್ರೋಟೀನ್ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಆ ಜೀನ್ ಅಪ್ಪ ಅವ್ವ ಇಬ್ಬರ ಕಡೆಯಿಂದಲೂ ಬಂದಿದೆ ಎಂದು ಬರೆದಿದ್ದಾರೆ. ಆದರೆ ಅಕ್ಕ, ಕೆಳಗೆ ಡಾಕ್ಟರ್ ಬರೆದ ಸಾಲು ಓದು: ಇದು ಕಾಯಿಲೆ ಇದೆ ಎನ್ನುವ ತೀರ್ಮಾನವಲ್ಲ, ಬರುವ ಸಂಭವ ಹೆಚ್ಚು ಎಂದಷ್ಟೇ. ನೆನಪಿನ ಪರೀಕ್ಷೆ, ಸ್ಕ್ಯಾನ್ ಎಲ್ಲ ಸೇರಿಸಿ ನೋಡದೆ ಏನೂ ಹೇಳಬಾರದು ಎಂದಿದ್ದಾರೆ. ಲಕ್ಷ್ಮೀದೇವಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಅವಳು ಓದದೆಯೇ ಅದನ್ನು ಮುಂದಕ್ಕೆ ಕಳಿಸಿದ್ದಳು, ಹುಡುಗನ ಮನೆಯಲ್ಲಿ ಕೆಂಪು ಅಕ್ಷರ ಒಂದನ್ನೇ ನೋಡಿದರಂತೆ.

ನೀನು ದಾವಣಗೆರೆಗೆ ಬಂದುಬಿಡು. ಡಾಕ್ಟರ ಎದುರು ಕುಳಿತು ನೆನಪಿನ ಪರೀಕ್ಷೆ ಕೊಡು. ನೀನು ಗೆಲ್ಲುತ್ತೀಯ, ನನಗೆ ಗೊತ್ತು. ನನಗೆ ಚೆನ್ನಾಗಿ ಗೊತ್ತು.

ಸಕ್ಕರೆ, ಥೈರಾಯ್ಡ್, ರಕ್ತದ ಗುಂಪು ಎಲ್ಲ ಇರುವ ಪೂರ್ತಿ ಹಾಳೆ ಇದರ ಜೊತೆ ಇಟ್ಟಿದ್ದೇನೆ.

ದುರ್ಗಿ

---

ನ್ಯಾಮತಿ
16 ಏಪ್ರಿಲ್ 2025

ದುರ್ಗಿಗೆ,

ಹಾಳೆ ಬಂತು. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ.

ನೆನಪಿನ ಪರೀಕ್ಷೆಗೆ ಬರುವುದಿಲ್ಲ. ಇನ್ನೊಂದು ಸಲ ರಕ್ತ ಕೊಡುವುದೂ ಇಲ್ಲ. ಇದರ ಬಗ್ಗೆ ನೀನು ಡಾಕ್ಟರ ಹತ್ತಿರವಾಗಲೀ ಯಾರ ಹತ್ತಿರವಾಗಲೀ ಮಾತನಾಡಬೇಡ.

ಹೊನ್ನಾಳಿಯಿಂದ ತಿಪ್ಪೇರುದ್ರ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದಿದ್ದ. "ಏನಂತೀಯವ್ವ ಈಗ? ಜೀರಿಗೆ ಅಂತೀಯೋ, ಅರಿಶಿನ ಅಂತೀಯೋ?" ಎಂದ. ಮಾಲಾ ಬಾಗಿಲ ಹತ್ತಿರ ನಿಂತಿದ್ದಳು. "ನಂಗೆ ವಯಸ್ಸಾತು, ಸರಿಯಾಗಿ ನೆಪ್ಪಿಲ್ಲ ಕಣಪ್ಪ" ಎಂದೆ. ಅಷ್ಟಕ್ಕೆ ಎದ್ದು ಹೋದರು. ಚಹಾ ಲೋಟಗಳು ತುಂಬಿದ ಹಾಗೇ ಇದ್ದವು. ಮಾಲಾ ಅವುಗಳನ್ನು ಒಳಗೆ ತೆಗೆದುಕೊಂಡು ಹೋಗಿ ತೊಳೆದಿಟ್ಟು, ನನ್ನ ಹತ್ತಿರ ಮಾತನಾಡದೆ ಬಸ್ಸಿಗೆ ಹೋದಳು.

ಇನ್ನು ನನ್ನನ್ನು ಯಾರೂ ಬೆಡಗು ಕೇಳಬಾರದು ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ನೀನು ಹೊತ್ತು ಹೊತ್ತಿಗೆ ಊಟ ಮಾಡು. ನಿದ್ದೆ ಚೆನ್ನಾಗಿ ಬರುತ್ತಿದೆಯಾ? ಕೆಲಸದಲ್ಲಿ ಹೆಸರು ಚೀಟಿ ಅಂಟಿಸುವಾಗ ಎರಡು ಸಲ ನೋಡು.

ಅಕ್ಕ

---

ಜಗಳೂರು
21 ಆಗಸ್ಟ್ 2025

ಅಕ್ಕನಿಗೆ,

ನಾಲ್ಕು ತಿಂಗಳಿಂದ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನನಗೆ ಪೆನ್ನು ಹಿಡಿಯುವ ಮುಖ ಇರಲಿಲ್ಲ ಎಂದಿಟ್ಟುಕೋ.

ಪ್ರಸನ್ನಕುಮಾರನ ಮದುವೆ ಕಳೆದ ವಾರ ಆಯಿತಂತೆ, ನ್ಯಾಮತಿ ಕಡೆಯ ಹುಡುಗಿಯೇ. ನೀನು ಹೋಗಿದ್ದೆಯಾ? ನಿನ್ನನ್ನು ಕರೆದರಾ? ಮೊದಲೆಲ್ಲ ನೀನು ಬಂದು ಕುಳಿತ ಮೇಲೆ ಬಾಸಿಂಗ ಕಟ್ಟುತ್ತಿದ್ದರು.

ಹೋದ ಸಲ ಕೆಲಸದ ಬಗ್ಗೆ ಯಾಕೆ ಹಾಗೆ ಬರೆದೆ? ನಾನು ಚೆನ್ನಾಗಿಯೇ ಇದ್ದೇನೆ. ಒಂದು ದಿನ ಮಾತ್ರ ಮನೆಯಿಂದ ಲ್ಯಾಬಿಗೆ ಹೊರಟವಳು ಹಳೆಯ ಲ್ಯಾಬಿನ ಬಾಗಿಲಿಗೆ ಹೋಗಿ ನಿಂತಿದ್ದೆ. ಅದು ಮುಚ್ಚಿ ಆರು ವರ್ಷವಾಗಿದೆ. ಬಿಸಿಲಿಗೆ ತಲೆ ಕೆಟ್ಟಿರಬೇಕು.

ಅವ್ವನ ಅವ್ವನ ಹೆಸರು ಏನಿತ್ತು ಅಕ್ಕ? ನಿನ್ನೆಯಿಂದ ನಾಲಿಗೆ ತುದಿಯಲ್ಲೇ ಇದೆ.

ದುರ್ಗಿ

---

ನ್ಯಾಮತಿ
28 ಆಗಸ್ಟ್ 2025

ದುರ್ಗಿಗೆ,

ಕೆಂಪಕ್ಕ. ಕೆಂಪು ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲ, ಹಾಗೆ ನೆನಪಿಟ್ಟುಕೋ.

ಮದುವೆಗೆ ಕರೆದಿರಲಿಲ್ಲ. ವಾದ್ಯ ಮಾತ್ರ ನಮ್ಮ ಬೀದಿಯಲ್ಲೇ ಹೋಯಿತು.

ಅಕ್ಕ

---

ಜಗಳೂರು
3 ನವೆಂಬರ್ 2025

ಅಕ್ಕ,

ಇವತ್ತು ಎಲ್ಲ ಬರೆದುಬಿಡುತ್ತೇನೆ. ಓದಿದ ಮೇಲೆ ನನ್ನನ್ನು ತಂಗಿ ಎನ್ನುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು.

ನಿನ್ನೆ ಮಾಲಾ ಫೋನ್ ಮಾಡಿದ್ದಳು. ಬಸವಾಪಟ್ಟಣದ ಶಾಲೆಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ತೆಗೆಸಿದ್ದಾಳೆ. ಅದರಲ್ಲಿ ಅವಳಪ್ಪನ ಹೆಸರಿದೆ: ಉಚ್ಚಂಗೆಪ್ಪ, ತಂದೆ ಜೀರಿಗೆ ಹಾಲಪ್ಪ, ಪೋಷಕರು ಸೋದರಮಾವ. ನೀನು ಹೇಳಿದ ಮಾತು ಒಂದೂ ತಪ್ಪಿರಲಿಲ್ಲ. "ಚಿಕ್ಕಮ್ಮ, ದೊಡ್ಡಮ್ಮನಿಗೆ ನೆಪ್ಪಿತ್ತು. ಮತ್ತೆ ಯಾಕೆ ಇಲ್ಲ ಅಂದ್ರು?" ಎಂದು ಕೇಳಿದಳು. ನಾನು ಫೋನ್ ಇಟ್ಟುಬಿಟ್ಟೆ.

ಅದು ನಿನ್ನ ರಕ್ತವಲ್ಲ ಅಕ್ಕ.

ಆ ಭಾನುವಾರ ನಾನು ಜಗಳೂರು ಮುಟ್ಟುವ ಹೊತ್ತಿಗೆ ಐಸ್ ಕರಗಿ ನೀರಾಗಿತ್ತು. ಮೆಷಿನ್‌ನಲ್ಲಿ ತಿರುಗಿಸಿದಾಗ ಮೇಲೆ ತಿಳಿಯಾಗಿ ನಿಲ್ಲಬೇಕಾದದ್ದು ಕೆಂಪಗೆ ಬಂತು. ಕೆಟ್ಟ ರಕ್ತ, ಪರೀಕ್ಷೆಗೆ ಬರುವುದಿಲ್ಲ. ಬೆಳಿಗ್ಗೆ ಡಬ್ಬಿ ಹೋಗಬೇಕು, ಅದೇ ಕೊನೆಯದು. ನಿನ್ನ ಕೈ ಕಣ್ಣ ಮುಂದೆ ಬಂತು, ಇನ್ನೊಂದು ಸಲ ಹೋಗಿ ಚುಚ್ಚಲು ನನ್ನಿಂದ ಆಗಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ರಕ್ತದಲ್ಲಿ ಏನು ಭೇದ ಎಂದುಕೊಂಡೆ. ನನ್ನದೇ ಎಡಗೈಗೆ ಪಟ್ಟಿ ಕಟ್ಟಿ ರಕ್ತ ತೆಗೆದು ನಿನ್ನ ಹೆಸರಿನ ಚೀಟಿ ಅಂಟಿಸಿದೆ. ನಿನಗಿಂತ ಹದಿನಾಲ್ಕು ವರ್ಷ ಚಿಕ್ಕವಳು ನಾನು, ಗಟ್ಟಿಮುಟ್ಟಾಗಿದ್ದೇನೆ. ರಿಪೋರ್ಟ್ ಚೊಕ್ಕವಾಗಿ ಬರುತ್ತದೆ, ನಿನ್ನ ಮಾತು ನಿಲ್ಲುತ್ತದೆ, ಮಾಲಾಳ ಮದುವೆಯಾಗುತ್ತದೆ. ದೇವರಾಣೆ, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ರಿಪೋರ್ಟ್ ತೆರೆದೆ. ನನಗಾಗಿ ಅಳಲೋ, ನಿನಗಾಗಿ ಅಳಲೋ ತಿಳಿಯಲಿಲ್ಲ. ಆಗಲೇ ಬಾಯಿ ಬಿಟ್ಟಿದ್ದರೆ ಮಾಲಾಳ ಮದುವೆ ಉಳಿಯುತ್ತಿತ್ತು. ಕೆಲಸ ಹೋಗುತ್ತದೆ ಎಂದು ಹೆದರಿದೆ. ಅದಕ್ಕಿಂತ, ಆ ಕಾಗದ ನನ್ನದು ಎಂದು ಬಾಯಿಬಿಟ್ಟು ಹೇಳಲು ಹೆದರಿದೆ. ಅವ್ವ ಕೊನೆಗೆ ನನ್ನ ಮುಖ ನೋಡಿ ಯಾರ ಮಗಳವ್ವ ನೀನು ಎಂದು ಕೇಳಿದ್ದು ನೆನಪಾಗುತ್ತಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅದು ನಾನೇ.

ಇವತ್ತು ಡಾಕ್ಟರಿಗೆ ಎಲ್ಲ ಹೇಳಿದೆ. ಲ್ಯಾಬಿನಲ್ಲಿ ನಾಳೆ ಹೇಳುತ್ತೇನೆ. ಡಾಕ್ಟರ್ ಬೈದರು, ಆಮೇಲೆ ನನ್ನದೇ ಹೆಸರಿನಲ್ಲಿ ಹೊಸ ಫಾರಂ ಕೊಟ್ಟರು. ಅದರಲ್ಲಿ ವಂಶದ ಹಾಳೆ ಒಂದಿದೆ. ಅವ್ವನ ಅವ್ವನ ಹೆಸರು ಕೇಳಿದ್ದಾರೆ. ಇದನ್ನು ನಿನ್ನ ಹತ್ತಿರ ಯಾವತ್ತೂ ಕೇಳಿಲ್ಲ ನೋಡು. ಏನು ಅಕ್ಕ ಅವಳ ಹೆಸರು?

ದುರ್ಗಿ

---

ನ್ಯಾಮತಿ
10 ನವೆಂಬರ್ 2025

ನನ್ನ ದುರ್ಗಿಗೆ,

ನೀನು ಬರೆದದ್ದು ನನಗೆ ಏಪ್ರಿಲ್‌ನಲ್ಲೇ ಗೊತ್ತಿತ್ತು.

ಹಾಳೆಯ ಮೇಲ್ಗಡೆ ರಕ್ತದ ಗುಂಪು ಬಿ ಎಂದಿತ್ತು. ನನ್ನದು ಓ. ಸಿದ್ದೇಶ್ ಹುಟ್ಟಿದಾಗ ನನಗೆ ರಕ್ತ ಹೋಗಿ ಜೀವ ಅಂಚಿಗೆ ಬಂದಿತ್ತು. ನೀನು ಸಮವಸ್ತ್ರದಲ್ಲೇ ಶಾಲೆಯಿಂದ ಓಡಿ ಬಂದು, "ನನ್ ರಕ್ತ ತಗಳ್ರಿ, ಅಕ್ಕಂಗೆ ಕೊಡ್ರಿ" ಎಂದು ಡಾಕ್ಟರ ಕಾಲು ಹಿಡಿದಿದ್ದೆ. ನೋಡಿದರೆ ನಿನ್ನದು ಬಿ. ಒಂದೇ ಹೊಟ್ಟೇಲಿ ಹುಟ್ಟಿದವರ ರಕ್ತ ಬೇರೆ ಹೆಂಗಾಗುತ್ತೆ ಎಂದು ನೀನು ಬಿದ್ದು ಬಿದ್ದು ಅತ್ತೆ. ಆವತ್ತಿನ ಆ ಹಟದಿಂದಲೇ ನೀನು ಈ ಕೆಲಸ ಕಲಿತದ್ದು.

ಹಾಳೆ ನೋಡಿದ ಕೂಡಲೇ ನಿನ್ನ ಮೇಲೆ ಸಿಟ್ಟು ಬಂತು. ಒಂದು ಗಳಿಗೆಯಲ್ಲಿ ಆ ಸಿಟ್ಟು ಹೋಗಿ ಭಯ ಹಿಡಿಯಿತು. ಇಪ್ಪತ್ತೆಂಟು ವರ್ಷ ರಕ್ತ ಮುಟ್ಟಿದವಳು ನೀನು, ಮೋಸ ಮಾಡುವಾಗಲೂ ಗುಂಪು ನೋಡಬೇಕು ಎನ್ನುವುದನ್ನು ಮರೆತಿದ್ದೆ. ಪೂರ್ತಿ ಹಾಳೆಯನ್ನು ನಿನ್ನ ಕೈಯಾರೆ ಮಡಿಸಿ ನನಗೆ ಕಳಿಸಿದ್ದೆ. ನನ್ನ ದುರ್ಗಿ ಅಂಥ ತಪ್ಪು ಮಾಡುವವಳಲ್ಲ.

ಆ ಹಾಳೆ ನನ್ನದಲ್ಲ ಎಂದು ನಾನು ಅಂದಿದ್ದರೆ, ಮತ್ತೆ ಯಾರದು ಎಂದು ಕೇಳುತ್ತಿದ್ದರು. ಸೂಜಿ ಹಿಡಿದ ಕೈಯೇ ನಿನ್ನ ಅನ್ನ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಆ ಅನ್ನವನ್ನು ನನ್ನ ಮಾತಿನಿಂದಲೇ ಕಿತ್ತುಕೊಳ್ಳಲು ಆಗಲಿಲ್ಲ. ಮರೆವಿನ ಹೆಸರು ನನಗೇ ಇರಲಿ ಎಂದುಕೊಂಡೆ. ಮಾಲಾ ಚಿಕ್ಕವಳು, ಇನ್ನೊಂದು ಸಂಬಂಧ ಬರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಪಾಪದ ಮಾತು ಅದು. ಅವಳು ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು, ಅವಳ ಕಣ್ಣೆದುರೇ ನಾನು ಸುಳ್ಳು ಹೇಳಿದೆ. ನೀನು ಚೀಟಿ ಬದಲಿಸಿದೆ, ನಾನು ಮಾತು ಬದಲಿಸಿದೆ. ನನ್ನದೇ ದೊಡ್ಡ ತಪ್ಪು, ಯಾಕೆಂದರೆ ನನಗೆ ಎಲ್ಲ ನೆನಪಿತ್ತು.

ನಿನ್ನ ಪತ್ರ ಹಿಡಿದುಕೊಂಡು ಚನ್ನಗಿರಿಗೆ ಹೋದೆ. ಮಾಲಾಳನ್ನು ಕೂರಿಸಿ ಎಲ್ಲ ಹೇಳಿದೆ. ಲಕ್ಷ್ಮೀದೇವಿ ಎದೆ ಬಡಿದುಕೊಂಡಳು, ನಿನಗೂ ನನಗೂ ಸೇರಿಸಿ ಶಾಪ ಹಾಕಿದಳು, ಹಾಕಲಿ. ಮಾಲಾ ಅಳಲಿಲ್ಲ. ಶಾಲೆಯ ಪುಸ್ತಕದ ನಕಲನ್ನು ನನ್ನ ಮುಂದೆ ಇಟ್ಟು ಹೇಳಿದಳು:

"ನಿಮ್ಮ ಮಾತು ನಿಜ ಅಂತ ನಂಗೆ ಗೊತ್ತಿತ್ತು ದೊಡ್ಡಮ್ಮ. ಕಾಗದ ನೋಡಿ ನಾನು ಹೆದರಿರ್ಲಿಲ್ಲ. ಪ್ರಸನ್ನನೂ ಹೆದರಿರ್ಲಿಲ್ಲ. ನ್ಯಾಮತಿ ಅಮ್ಮನ ಬಾಯಿಂದ ಒಂದು ಮಾತು ಬರಲಿ, ಮಾವನ್ನ ನಾನು ಎದುರು ಹಾಕ್ಕೊಳ್ತೀನಿ ಅಂದಿದ್ದ. ಬೀದಿ ತುದೀಲಿ ಬೈಕ್ ನಿಲ್ಸ್ಕೊಂಡು ಕಾಯ್ತಿದ್ದ ಅವತ್ತು. ನೀವು ನೆಪ್ಪಿಲ್ಲ ಅಂದ್ರಿ."

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಹಿಂದಕ್ಕೆ ಸರಿದು, "ಮಾಡಬ್ಯಾಡ್ರಿ, ನಂಗೆ ಶಾಲಿಗೆ ಹೊತ್ತಾತು" ಎಂದು ಚೀಲ ತೆಗೆದುಕೊಂಡು ಹೊರಟಳು. ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು. "ಚಿಕ್ಕಮ್ಮನ್ನ ಯಾರು ನೋಡ್ಕಂತಾರೆ?"

ಆ ಹುಡುಗಿ ಕೇಳಿದ್ದು ಅದನ್ನು, ದುರ್ಗಿ. ಬಸ್ಸಿನಲ್ಲಿ ಬರುವಾಗ ನಾನು ಮುಖ ಮುಚ್ಚಿಕೊಂಡು ಅತ್ತೆ.

ಭಾನುವಾರ ಜಗಳೂರಿಗೆ ಬರುತ್ತೇನೆ, ಬಟ್ಟೆಯ ಗಂಟು ಸಮೇತ. ಸೋಮವಾರ ಇಬ್ಬರೂ ದಾವಣಗೆರೆಗೆ ಹೋಗೋಣ. ನಿನ್ನ ಹೆಸರಿನಲ್ಲಿ ನೀನು ಕೊಡು, ನನ್ನ ಹೆಸರಿನಲ್ಲಿ ನಾನು ಕೊಡುತ್ತೇನೆ. ನಾಲ್ಕು ಸಲ ಚುಚ್ಚಿದರೂ ಸರಿ. ಕಾಗದದಲ್ಲಿ ಏನು ಬಂದರೂ ಇನ್ನು ನಾನು ನಿನ್ನ ಮನೆಯಲ್ಲೇ ಇರುವವಳು.

ಫಾರಂ ತುಂಬದೆ ಹಾಗೇ ಇಟ್ಟಿರು, ನಾನು ಬಂದು ತುಂಬುತ್ತೇನೆ. ಅಜ್ಜಿಯ ಹೆಸರು ಕೆಂಪಕ್ಕ. ಒಳ್ಳೆಯದಾಯಿತು, ಈಗಲಾದರೂ ಕೇಳಿದೆ.

ನಿನ್ನ ಅಕ್ಕ,
ಅಂತರಘಟ್ಟಮ್ಮ